ಮಹೇಶ್ವರಿಯ ಕೈಮೇಲಿನ ಬರೆ

ವೇದಿಕೆಯ ಮೇಲಿರುವ ಮಹಿಳಾ ಸಂಘದ ಅಧ್ಯಕ್ಷೆ ಕನಕಮ್ಮನವರೇ, ಕಲೆ ನಿವಾರಣಾ ಶಿಬಿರಕ್ಕೆಂದು ನಮ್ಮ ಯಲಬುರ್ಗಾದವರೆಗೆ ಬಂದಿರುವ ಚರ್ಮವೈದ್ಯ ಗವಿಸಿದ್ದೇಶರೇ, ಬಿಸಿಲನ್ನು ಲೆಕ್ಕಿಸದೆ ಬಂದು ಕುಳಿತ ಸಭಿಕರೇ, ಮೂವತ್ತೊಂದು ವರ್ಷ ನಿಮ್ಮ ಮಕ್ಕಳಿಗೆ ಸೂಜಿ ಚುಚ್ಚಿ ಅಳಿಸಿದ ಈ ವಿರೂಪಾಕ್ಷಮ್ಮ ಸಿಸ್ಟರನ್ನು ನಿವೃತ್ತಿಯಾದ ಮೇಲೂ ಮರೆಯದೆ ಕರೆದಿದ್ದೀರಿ. ಸಂತೋಷ.

ಸುಟ್ಟ ಕಲೆ ಪೂರ್ತಿ ಅಳಿಯುವುದಿಲ್ಲ, ನಾಲ್ಕೈದು ಸಲ ಲೇಸರ್ ಮಾಡಿಸಿದರೆ ಮಾಸುತ್ತದೆ ಎಂದು ಡಾಕ್ಟರು ವಿವರಿಸಿದರು. ಅಷ್ಟರಲ್ಲಿ ನಮ್ಮ ದುರಗಮ್ಮ ಎದ್ದು, "ಸೊಂಟದ ಕೊಬ್ಬು ಕರಗಸೂ ಮಷೀನೂ ತಂದೀರೇನ್ರಿ ಸಾಹೇಬ್ರ?" ಎಂದು ಕೇಳಿದಳು. ನೀವೆಲ್ಲ ನಕ್ಕಿರಿ. ನನಗೆ ನಗು ಬರಲಿಲ್ಲ. ಯಾಕೆಂದರೆ ಡಾಕ್ಟರು ಇನ್ನೂ ಒಂದು ಮಾತು ಹೇಳಿದ್ದರು. ಸಣ್ಣವರಿದ್ದಾಗ ಆದ ಕಲೆಯಾದರೆ ತಾಯಿಯನ್ನು ಕರೆತನ್ನಿ, ಹೇಗಾಯಿತೆಂದು ಅವರೇ ಹೇಳಲಿ ಎಂದಿದ್ದರು. ಪಟ್ಟಿಯಲ್ಲಿ ಮೊದಲ ಹೆಸರು ನನ್ನ ಮಗಳು ಮಹೇಶ್ವರಿಯದು. ಎರಡನೇ ಸಾಲಿನಲ್ಲಿ, ಈ ಸೆಕೆಯಲ್ಲೂ ಉದ್ದ ತೋಳು ತೊಟ್ಟು ಕುಳಿತಿದ್ದಾಳೆ.

ಇರಲಿ. ನನಗೆ ಕೊಟ್ಟ ವಿಷಯ, ಬರೆ ಹಾಕುವ ಮೂಢನಂಬಿಕೆ. ಕೂಸಿಗೆ ಕಾಮಾಲೆಯಾದರೆ ಬಳೆಚೂರು ಕಾಸಿ ಬರೆ ಎಳೆಯುತ್ತಾರೆ. ಅದರಿಂದ ಕಾಮಾಲೆ ಹೋಗುತ್ತದೆಯೇ? ಹೋಗುವುದಿಲ್ಲ. ಇದನ್ನು ನಾನು ಎಷ್ಟು ಊರುಗಳಲ್ಲಿ ಹೇಳಿಲ್ಲ? ಇರಕಲ್ಲಗಡದಲ್ಲಿ ಹೇಳಿದೆ, ಹನುಮಸಾಗರದಲ್ಲಿ ಹೇಳಿದೆ. ಹೇಳುವಾಗಲೆಲ್ಲ ನಮ್ಮ ಅತ್ತೆ ಶಿವಲಿಂಗಮ್ಮನವರ ಉದಾಹರಣೆ ಕೊಟ್ಟೆ. ಹಳೇ ಕಾಲದವರು, ನಾನು ಡ್ಯೂಟಿಗೆ ಹೋದಾಗ ಮೊಮ್ಮಗಳಿಗೆ ಬರೆ ಹಾಕಿಬಿಟ್ಟರು ಎಂದೆ. ಜನ ಅಯ್ಯೋ ಎನ್ನುತ್ತಿದ್ದರು.

ಎಂಟು ತಿಂಗಳ ಕೂಸು. ಕಣ್ಣು ಅರಿಶಿನವಾಗಿತ್ತು, ಹಾಲು ಕುಡಿಯಲೊಲ್ಲದು. ಕೊಪ್ಪಳದ ಬಸ್ಸು ಬರಲಿಲ್ಲ. ಓಣಿಯವರೆಲ್ಲ ಕೂಸು ಉಳಿಯುವುದಿಲ್ಲ ಎಂದರು. ಅತ್ತೆ ನನ್ನ ರಟ್ಟೆ ಹಿಡಿದು, "ಬ್ಯಾಡವಾ, ನೀ ಕಲ್ತಾಕಿ. ಇನ್ನೊಂದು ಬಸ್ಸು ನೋಡೂಣು," ಅಂದರು. ಬಳೆಚೂರು ಕೆಂಪಗೆ ಕಾದಿತ್ತು, ಚಿಮಟ ನನ್ನ ಕೈಯಲ್ಲಿತ್ತು...

ಬಾಯಿ ಜಾರಿತು. ಜಾರಿದ್ದು ಜಾರಿತು. ನಾನು ಹೆದರಿದ್ದೆ, ಸಭಿಕರೇ. ಕಲಿತದ್ದೆಲ್ಲ ಆ ಹೊತ್ತಿನಲ್ಲಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಕೂಸು ಬದುಕಿದ್ದು ಮರುದಿನ ಆಸ್ಪತ್ರೆಯಲ್ಲಿ, ಸಲೈನ್ ಹಚ್ಚಿದ ಮೇಲೆ. ಅಲ್ಲಿಯ ಡಾಕ್ಟರು ಸಿಟ್ಟಾಗಿ, ಬರೆ ಹಾಕಿದವರು ಯಾರು ಎಂದು ಕೇಳಿದಾಗ ಅತ್ತೆ ಮುಂದೆ ಬಂದು "ನಾನ್ರಿ" ಎಂದರು. ಹೊರಗೆ ಬಂದು ನನಗೆ ಹೇಳಿದರು: "ನಿನ್ನ ನೌಕರಿ ಉಳೀಲಿ. ಕೂಸು ದೊಡ್ಡಾಕಿ ಆದ ಮ್ಯಾಲ ಖರೇ ಹೇಳೀಯಂತ."

ನಾನು ಹೇಳಲಿಲ್ಲ. ನೌಕರಿ ಹೋದೀತೆಂದು ಹೇಳಲಿಲ್ಲ, ಆಮೇಲೆ ಮಗಳು ಹೋದಾಳೆಂದು ಹೇಳಲಿಲ್ಲ. ಬುದ್ಧಿ ತಿಳಿದ ಮೇಲೆ ಮಹೇಶ್ವರಿ ಅಜ್ಜಿಯ ಕೈಯಿಂದ ಒಂದು ತುತ್ತು ಉಣ್ಣಲಿಲ್ಲ. ಎರಡು ವರ್ಷದ ಹಿಂದೆ ಅಜ್ಜಿ ಸಾಯುವಾಗಲೂ ಹೊಸ್ತಿಲು ದಾಟಿ ಒಳಗೆ ಬರಲಿಲ್ಲ. ಅತ್ತೆ ಒಮ್ಮೆ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ.

ಈಗ ನೌಕರಿಯ ಭಯವಿಲ್ಲ. ಮಗಳು ಎದುರಿಗೇ ಕುಳಿತಿದ್ದಾಳೆ. ಅವಳು ನನ್ನ ಕಡೆ ನೋಡುತ್ತಿಲ್ಲ. ಮಹೇಶ್ವರಿ, ನಿಮ್ಮಜ್ಜಿ ಬ್ಯಾಡ ಅಂದಿದ್ಲು. ನಾ ಕೇಳಲಿಲ್ಲವಾ.

ಇಷ್ಟು ಹೊತ್ತು ಕೇಳಿದಿರಿ, ನಿಮ್ಮ ಉಪಕಾರ ದೊಡ್ಡದು. ಕನಕಮ್ಮನವರೇ, ಸ್ವಲ್ಪ ನನ್ನ ಜೊತೆ ಕೆಳಗೆ ಬರ್ರಿ. ಅವಳ ಹತ್ತಿರ ಒಬ್ಬಳೇ ಹೋಗಲು ನನಗೆ ಹೆದರಿಕೆಯಾಗುತ್ತಿದೆ. ಎಲ್ಲರಿಗೂ ನಮಸ್ಕಾರ.