ಹೆಣದ ಮುಂದೆ ಈಸಿಕೊಂಡ ಮಾತು

ಹೆಸರು: ಪಾಂಡೀಶ್ವರಿ. ವಯಸ್ಸು: 39. ಗಂಡ: ದಿವಂಗತ ಮುತ್ತುಕುಮಾರ್. ಕೆಲಸ: ಬಸ್ ನಿಲ್ದಾಣದ ಹತ್ತಿರ ಇಡ್ಲಿ ಅಂಗಡಿ. ವಾಸ: ಕಂಬಂ, ತೇನಿ ಜಿಲ್ಲೆ, ತಮಿಳುನಾಡು.

ಮೇಲ್ಕಂಡ ನಾನು, ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ತಿಳಿಸುವುದೇನೆಂದರೆ:

ನನ್ನ ಗಂಡ ಶೇರ್ ಆಟೋ ಓಡಿಸುತ್ತಿದ್ದರು. ಆಟೋ ಕೊಳ್ಳಲು ಒಂದು ಫೈನಾನ್ಸ್ ಕಂಪನಿಯಲ್ಲಿ ಸಾಲ ಮಾಡಿದ್ದರು. ಸಹಿ ಅವರೊಬ್ಬರದೇ, ಜಾಮೀನು ಯಾರೂ ನಿಂತಿಲ್ಲ. ಕಿಡ್ನಿ ಕೆಟ್ಟು ಆಸ್ಪತ್ರೆಗೆ ಸೇರುವವರೆಗೆ ಒಂದು ಕಂತೂ ತಪ್ಪಿಸಿರಲಿಲ್ಲ. 11-6-2025ರಂದು ತೀರಿಕೊಂಡರು.

ಮರುದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಇನ್ನೇನು ಚಟ್ಟ ಎತ್ತಬೇಕು ಎನ್ನುವಾಗ, ಗುರುತಿಲ್ಲದ ಒಬ್ಬ ಮನುಷ್ಯ ಹಾರವನ್ನೂ ಹೊಸ ಬಟ್ಟೆಯನ್ನೂ ಹಿಡಿದು ಬಂದ. ಸಾವಿನ ಮನೆಗೆ ಬಂದವರನ್ನು ನಮ್ಮಲ್ಲಿ ‘ಯಾರು’ ಎಂದು ಕೇಳುವುದಿಲ್ಲ. ಹೆಣಕ್ಕೆ ಬಟ್ಟೆ ತಂದವನು ನೆಂಟನೇ. ಎಲ್ಲರೂ ಸರಿದು ದಾರಿ ಬಿಟ್ಟರು. ಅವನು ಬಟ್ಟೆ ಹೊದಿಸಿ ಕೈ ಮುಗಿದ. ಅವನನ್ನು ನೋಡಿ ನಾನೂ ಅತ್ತೆ. ಅದು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಕೈ ಮುಗಿದವನು ಹೆಣದ ಕಾಲ ದೆಸೆಯಿಂದ ಕದಲಲಿಲ್ಲ. ತಾನು ಸೇಕರ್ ಎಂದೂ, ಫೈನಾನ್ಸ್‌ನವರ ವಸೂಲಿಗೆ ಬಂದಿರುವುದಾಗಿಯೂ, ಎಂಬತ್ತಾರು ಸಾವಿರ ಬಾಕಿ ಇರುವುದಾಗಿಯೂ, ಅದನ್ನು ಯಾರಾದರೂ ಒಪ್ಪಿಕೊಂಡ ಮೇಲೆಯೇ ಚಟ್ಟ ಎತ್ತಬೇಕೆಂದೂ ನನ್ನ ಮಾವ ಪೆರಿಯಣ್ಣನ್ (72) ಅವರಿಗೆ ನಮ್ಮ ಮನೆಮಾತಾದ ಕನ್ನಡದಲ್ಲೇ ಹೇಳಿದ. ಆಟೋ ಬೀದಿ ತುದಿಯಲ್ಲಿ ನಿಂತಿದೆ, ಕೀಲಿ ತಗೋ ಎಂದು ನಾನು ಹೇಳಿದೆ. ಆ ಡಬ್ಬ ಯಾರಿಗೆ ಬೇಕು ಎಂದ. ಸಾಲ ಹೊತ್ತುಕೊಂಡು ಹೋದವನಿಗೆ ದಾರಿ ಸಿಗುತ್ತದಾ ಪೆರಿಯಪ್ಪಾ ಎಂದು, ಸ್ವಂತ ದೊಡ್ಡಪ್ಪನನ್ನು ಕರೆಯುವ ಹಾಗೆ, ಮಾವನನ್ನು ಕೇಳಿದ.

ಮಾವ ಮಗನ ಮುಖ ನೋಡಿ, “ನಾ ಕಟ್ತೀನಿ. ಎತ್ರಪ್ಪಾ, ಹೊತ್ತಾಯ್ತದೆ” ಎಂದರು.

ಹೆಣದ ಮುಂದೆ ಕೊಟ್ಟ ಮಾತನ್ನು ನಮ್ಮವರು ತಪ್ಪುವುದಿಲ್ಲ. ಹೊರಗಿನವನಿಗೆ ಇದು ಗೊತ್ತಿರುತ್ತಿರಲಿಲ್ಲ. ಸೇಕರ್ ನಮ್ಮ ಜಿಲ್ಲೆಯ ಮಾರ್ಕಯನ್‌ಕೋಟ್ಟೈಯವನು, ನಮ್ಮ ಮಾತಿನವನೇ. ಉರಿಯುವ ಮನೆಯಲ್ಲಿ ಗಳ ಹಿರಿಯುವವರಿದ್ದಾರೆಂದು ಕೇಳಿದ್ದೆ. ಗಳ ಯಾವ ಮೂಲೆಯಲ್ಲಿದೆ ಎಂದು ತಿಳಿದೇ ಬಂದವನನ್ನು ಅವತ್ತು ಕಂಡೆ.

ಅಂದಿನಿಂದ ಮಾವ ದ್ರಾಕ್ಷಿ ತೋಟದಲ್ಲಿ ಕ್ರೇಟು ಹೊರುತ್ತಿದ್ದಾರೆ. ಪ್ರತಿ ಶುಕ್ರವಾರ ಸಂಜೆ ಸೇಕರ್ ತೋಟದ ಬಾಗಿಲಲ್ಲಿ ನಿಂತು ಕೂಲಿ ಈಸಿಕೊಳ್ಳುತ್ತಾನೆ. ರಸೀದಿ ಕೊಡುವುದಿಲ್ಲ. ಆಗಸ್ಟ್ ತಿಂಗಳಲ್ಲಿ ಮಾವ ಕ್ರೇಟಿನ ಸಮೇತ ಬಿದ್ದು ಬಲ ಭುಜಕ್ಕೆ ಪೆಟ್ಟಾಯಿತು. ಈಗ ಎಡ ಭುಜದಲ್ಲಿ ಹೊರುತ್ತಾರೆ. ನಾನು ಅಡ್ಡ ನಿಂತಾಗ, “ನಡುವ ಬರ್ಬೇಡ ತಾಯಿ, ಅವ್ನ ಮೊಖ ನೋಡ್ಕೊಂಡು ಹೇಳಿವ್ನಿ” ಎಂದರು.

ತೇನಿಯಲ್ಲಿ ಉಚಿತ ಕಾನೂನು ನೆರವಿನ ವಕೀಲರಾದ ತೇನ್‌ಮೊಳಿ ಅವರನ್ನು ಕಂಡೆ. ವಸೂಲಿಯವರು ಸಾವಿನ ಮನೆಗೆ ಹೋಗಬಾರದೆಂದೂ, ಗುರುತಿನ ಚೀಟಿ ತೋರಿಸಬೇಕೆಂದೂ, ಸಹಿ ಹಾಕದ ತಂದೆ ತನ್ನ ಕೂಲಿಯಿಂದ ಮಗನ ಸಾಲ ತೀರಿಸಬೇಕಿಲ್ಲವೆಂದೂ ಅವರು ತಿಳಿಸಿದರು. ಕಂಪನಿಗೆ ದೂರು ಕೊಟ್ಟೆ. ಸೇಕರ್ ಎಂಬ ನೌಕರ ತಮ್ಮಲ್ಲಿಲ್ಲ, ಅವನು ಏಜೆನ್ಸಿಯವನು ಎಂದು ಫೋನಿನಲ್ಲಿ ಹೇಳಿದರು. ಹಾಗಾದರೆ ಅವನು ಈಸಿಕೊಂಡ ದುಡ್ಡು ಯಾರ ಹೊಟ್ಟೆಗೆ ಹೋಯಿತು ಎಂದು ಕೇಳಿದೆ. ಫೋನ್ ಇಟ್ಟರು.

ವಕೀಲರು ಹೇಳಿದ್ದನ್ನೆಲ್ಲ ಮಾವನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಕಾನೂನು ಬಂದು ನನ್ ಮಗನ್ನ ಹೊತ್ಕೊಂಡೋಯ್ತಾ?” ಎಂದರು. ಮರುದಿನ ಬೆಳಿಗ್ಗೆ ತೋಟಕ್ಕೆ ಹೋದರು.

ಆದ್ದರಿಂದ ಸೇಕರ್ ಮತ್ತು ಅವನನ್ನು ಕಳಿಸಿದವರ ಮೇಲೆ ಕ್ರಮ ಕೈಗೊಳ್ಳಬೇಕು. ಅವನನ್ನು ಜೈಲಿಗೆ ಹಾಕಿದರೂ ಮಾವ ಕ್ರೇಟು ಇಳಿಸುವುದಿಲ್ಲ. ಹಾಗಾಗಿ ಮೊದಲು ಅವನನ್ನು ನಮ್ಮ ಮನೆಗೆ ಕರೆತಂದು, ನನ್ನ ಗಂಡನ ಫೋಟೋ ಮುಂದೆ ನಿಲ್ಲಿಸಿ, ನೀವು ಕೊಟ್ಟ ಮಾತನ್ನು ಹಿಂದಕ್ಕೆ ಕೊಟ್ಟಿದ್ದೇನೆ ಪೆರಿಯಪ್ಪಾ ಎಂದು ನಮ್ಮ ಮಾತಿನಲ್ಲೇ ಹೇಳಿಸಬೇಕು. ಅವನು ಹೊದಿಸಿದ ಬಟ್ಟೆ ನನ್ನ ಗಂಡನ ಜೊತೆಗೇ ಹೋಯಿತು. ಇದ್ದಿದ್ದರೆ ಅವನ ಮುಖಕ್ಕೆ ಎಸೆದು ಲೆಕ್ಕ ಮುಗಿಸುತ್ತಿದ್ದೆ.

ಬರೆದುಕೊಂಡದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದ್ದೇ ಇದೆ, ನಡೆದದ್ದನ್ನೇ ಹೇಳಿದ್ದೇನೆ.

ಸ್ಥಳ: ಕಂಬಂ
ದಿನಾಂಕ: 5-9-2025, ಶುಕ್ರವಾರ
ಸಹಿ: ಪಾಂಡೀಶ್ವರಿ
ಸಾಕ್ಷಿ: ಪೆರಿಯಣ್ಣನ್. ಹಾಜರಿಲ್ಲ. ತೋಟದ ಕೆಲಸಕ್ಕೆ ಹೋಗಿದ್ದಾರೆ.