ಸದಸ್ಯೆಯ ಬಲಗೈ

...ಮತ್ತೆ ಅದೇ ನೋಟ. ನುಂಗೋ ಹಾಗೆ ನೋಡಬೇಡ ಅಕ್ಕ. ಇವತ್ತು ಪುರಸಭೆಯಲ್ಲಿ ಎದ್ದಿದ್ದು ನಿನ್ನ ಕೈ, ನನ್ನದಲ್ಲ. ನಾನು ಮೊಣಕೈ ಹಿಡ್ಕೊಂಡೆ, ಅಷ್ಟೇ. ಗೆದ್ದ ವರ್ಷವೇ ಲಕ್ವ ಹೊಡೆದು ಬಾಯಿ ಬಿದ್ದುಹೋದ ಓರಗಿತ್ತಿಗೆ ಅಷ್ಟು ಆಸರೆಯೂ ಕೊಡಬಾರದಾ? ಜನ ಆರಿಸಿದ್ದು ನಿನ್ನನ್ನ, ಎತ್ತೋ ಕರ್ಮ ಮಾತ್ರ ನನ್ನದು. ಏನು ಭಾರ ಅಂತೀಯ ಆ ಬಲಗೈ. ಕೊರಡು, ಕೊರಡು.

ನಗ್ತಿದೀಯಾ? ಬಾಯಿ ಸೊಟ್ಟಗಾದ ಮೇಲೆ ನೀನು ನಕ್ಕರೂ ಅತ್ತರೂ ಒಂದೇ ಥರ ಕಾಣುತ್ತೆ ನನಗೆ.

ಹೌದು, ಬೀದಿದೀಪದ ಸಭೆ ಅಂತ ಹೇಳಿ ಕರ್ಕೊಂಡು ಹೋದೆ. ಹೋಗಿ ನೋಡಿದ್ರೆ ದರ್ಜಿ ಸಾಲು ಕೆಡವೋ ವಿಷಯ. ನನಗೇನು ಗೊತ್ತು... ಸರಿ, ಗೊತ್ತಿತ್ತು ಅಂತಲೇ ಇಟ್ಕೋ. ಅಲ್ಲಿ ಕಾಂಪ್ಲೆಕ್ಸ್ ಕಟ್ಟೋ ಗುತ್ತಿಗೆ ನನ್ನ ಗಂಡನಿಗೇ, ನಿನ್ನ ಮೈದುನನಿಗೇ ತಾನೆ ಸಿಗೋದು? ನಿನ್ನ ಗುಳಿಗೆ ಆಕಾಶದಿಂದ ಉದುರುತ್ತೆ ಅಂದ್ಕೊಂಡೆಯಾ? ನಿನ್ನ ಮಗಳ ಹೊಲಿಗೆ ಅಂಗಡಿಯೂ ಅದೇ ಸಾಲಲ್ಲಿದೆ, ನಿಜ. ಮಿಷನ್ನು ಎಲ್ಲಿಟ್ಟರೂ ಓಡುತ್ತೆ, ಬಿಡು. ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆ. ನಿನ್ನ ಒಂದು ವೋಟಿಗೆ ಇಡೀ ಸಭೆ ನಿನ್ನನ್ನೇ ನೋಡ್ತಿತ್ತು. ಅಂಥ ಮರ್ಯಾದೆ, ಬಾಯಿದ್ದಾಗಲೂ ನಿನಗೆ ಸಿಕ್ಕಿರಲಿಲ್ಲ.

ಆಮೇಲೆ ವರಾಂಡದಲ್ಲಿ ನಿನ್ನ ಮಗಳು ಅಡ್ಡ ಬಂದಳಲ್ಲ. "ಅಮ್ಮ, ನಿನ್ನ ಎಡಗೈಗೆ ಏನೂ ಆಗಿಲ್ಲ. ನಿನಗೆ ಒಪ್ಪಿಗೆ ಇಲ್ಲ ಅಂದ್ರೆ ಅದನ್ನ ಎತ್ತು. ಅಧ್ಯಕ್ಷರು ಇನ್ನೂ ಒಳಗೇ ಇದಾರೆ" ಅಂದಳು. ನೀನು ಎತ್ತಲಿಲ್ಲ. ಹೊದಿಸಿದ ಶಾಲು ಕದಲಲೂ ಇಲ್ಲ. ಅವಳ ಮುಖ ನೋಡಬೇಕಿತ್ತು ನೀನು... ನೋಡಿದೆ ಅಲ್ವಾ. ಹೆತ್ತವಳೇ ಹೀಗೆ ಮಾಡಿದಳಲ್ಲ ಅಂದ್ಕೊಂಡು ಹೋದಳು. ಅಂದ್ಕೊಳ್ಳಲಿ.

ಎಳ್ಕೋಬೇಡ, ಎಣ್ಣೆ ಹಚ್ತಿದೀನಿ ಕಾಣಲ್ವಾ. ಎಡಗೈ ಮಣಿಕಟ್ಟು ಒಂಚೂರು ಕೆಂಪಾಗಿದೆ. ಗಾಲಿಕುರ್ಚಿಗೆ ಉಜ್ಜಿರಬೇಕು. ಎರಡು ದಿನ ತುಂಬುತೋಳಿನ ರವಿಕೆ ಹಾಕಿದ್ರೆ ಆಯ್ತು.

ಯಾರದು ಬಾಗಿಲಲ್ಲಿ? ಓ... ನೀನಾ, ಬಾಮ್ಮ. ನಿಮ್ಮಮ್ಮನಿಗೆ ಸುಸ್ತಾಗಿದೆ, ಮಾತಾಡಿಸಬೇಡ. ಅಲ್ಲೇ ನಿಲ್ಲು, ಎಣ್ಣೆ ಚೆಲ್ಲಿದೆ.

ಅಕ್ಕ, ಶಾಲು ಯಾಕೆ ಕೊಡವ್ತೀಯ? ಗಾಳಿ ತಣ್ಣಗಿದೆ. ಹೊದ್ಕೋ. ಎಲ್ಲಿ, ಎಡಗೈ ಒಳಗಿಡು... ನೀನೇನಮ್ಮ ನೋಡ್ತಿದೀಯ ಬಾಗಿಲಿಂದ? ಅದು ಹಗ್ಗದ ಗುರುತಲ್ಲ ಕಣೇ. ಜಾರಿ ಬೀಳಬಾರದು ಅಂತ... ಅಕ್ಕ. ಕೈ ಇಳಿಸು.

ಇಳಿಸು ಅಂದೆ.