ಒಂದು ರಾತ್ರಿ ಕೇಳದೆ ಹೋದ ‘ಬಂದೆ ತಾತ’

ಒಂದೂರಲ್ಲಿ ಯೋಗ ಕಲಿಸುವ ಒಬ್ಬ ತರುಣನಿದ್ದ. ಊರು ಚೀನಾ ದೇಶದ್ದು, ತರುಣ ನಮ್ಮ ಮೈಸೂರಿನ ಕಡೆಯವನು. ಕೆಲಸ ಚೆನ್ನಾಗಿತ್ತು, ಇರಲು ಮನೆಯೂ ಚೆನ್ನಾಗಿತ್ತು. ಒಂದೇ ಒಂದು ಕೊರತೆ. ಏನದು? ಹೊರಡುವಾಗ ‘ಹೋಗಿ ಬರ್ತೀನಿ’ ಎನ್ನಲು ಅವನಿಗೆ ಯಾರೂ ಇರಲಿಲ್ಲ.

ನಗಬೇಡಿ ತಾಯಂದಿರೇ. ನಮ್ಮಲ್ಲಿ ಯಾರಾದರೂ ‘ಹೋಗ್ತೀನಿ’ ಎಂದು ಹೊರಡುತ್ತಾರೆಯೇ? ಸೊಪ್ಪು ತರಲು ಹೋದರೂ ‘ಬರ್ತೀನಿ’ ಅನ್ನುತ್ತೇವೆ. ಒಳಗಿನಿಂದ ‘ಹ್ಞೂಂ, ಹುಷಾರು’ ಎಂದು ಕೇಳಿದ ಮೇಲೆಯೇ ಚಪ್ಪಲಿ ಮೆಟ್ಟುತ್ತೇವೆ. ಅವನು ಆ ‘ಹ್ಞೂಂ’ಗಾಗಿ ಹಂಬಲಿಸುತ್ತಿದ್ದ. ಬೀಗ ಹಾಕಿ, ಮುಚ್ಚಿದ ಬಾಗಿಲ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದನಂತೆ.

ಅವನ ಕಟ್ಟಡದ ಗೇಟಿನಲ್ಲಿ ಒಬ್ಬ ಮುದುಕ ಕಾವಲುಗಾರ, ಆ ಊರಿನವನೇ. ಒಂದು ಸಂಜೆ ತರುಣ ತಡೆಯಲಾರದೆ ಅವನಿಗೇ ಕನ್ನಡದಲ್ಲಿ ಹೇಳಿಬಿಟ್ಟ: “ಹೋಗಿ ಬರ್ತೀನಿ ತಾತ.” ಮುದುಕ ಬಿಸಿನೀರಿನ ಲೋಟ ಕೆಳಗಿಟ್ಟು ತಲೆಯಾಡಿಸಿದ. ತಿರುಗಿ ಬಂದಾಗ, “ಬಂದೆ ತಾತ.” ಮತ್ತೆ ತಲೆಯಾಡಿಸಿದ. ಅಷ್ಟೇ. ನೋಡಿ, ಅಷ್ಟೇ! ಅಂದಿನಿಂದ ಅದು ದಿನದ ರೂಢಿಯಾಯಿತು.

ಅಲ್ಲೇ ಯೋಗ ಕಲಿಸುತ್ತಿದ್ದ ನಮ್ಮ ಕಡೆಯ ಗೆಳೆಯರು ಮೂವರಿದ್ದರು. ಅವರು ಬಿಡುತ್ತಾರೆಯೇ? “ಏನ್ ಗುರುವೇ, ತಾತಂಗೆ ಕನ್ನಡ ಪರೀಕ್ಷೆ ಕಟ್ಟಿಸ್ತೀಯಾ?” ಎಂದ ಒಬ್ಬ.

“ಅವ್ರು ಪಾಸಾಗ್ತಾರೆ, ಫೇಲಾಗೋನು ನೀನೇ!” ಎಂದು ಇವನೂ ನಕ್ಕ.

ಒಂದು ಶನಿವಾರ ನಾಲ್ವರೂ ಹತ್ತಿರದ ಬಾರುಗಳ ಬೀದಿಗೆ ಹೋದರು. ಅಲ್ಲಿ ಕುಡಿದವರಲ್ಲಿ ಕುರ್ಚಿಗಾಗಿ ಜಗಳ ಹತ್ತಿತು. ಒಂದು ಕುರ್ಚಿಗಾಗಿ! ಬಿಡಿಸಲು ಹೋದ ಇವನ ತಲೆಗೆ ಬಾಟಲಿ ಬಿತ್ತು. ಜನ ದಿಕ್ಕಾಪಾಲಾಗಿ ಓಡಿದರು. ಪೊಲೀಸರ ಕಣ್ಣಿಗೆ ಬಿದ್ದರೆ ವೀಸಾ ಹೋದೀತೆಂದು ಹೆದರಿ, ಇವನು ದೀಪವಿದ್ದ ದೊಡ್ಡ ರಸ್ತೆ ಬಿಟ್ಟು ಮನೆಗೆ ಹೋಗುವ ಹಿಂದಿನ ಓಣಿ ಹಿಡಿದ. ಅರ್ಧ ದಾರಿಯಲ್ಲೇ ಕುಸಿದ.

ಗೆಳೆಯರು ಮತ್ತೆ ಒಂದೆಡೆ ಸೇರಿದರು. “ಅವನೆಲ್ಲೋ?”

“ಮನೆಗ್ ಹೋಗಿರ್ತಾನೆ ಬಿಡೋ.”

ಬಿಟ್ಟರು. ಒಬ್ಬನಾದರೂ ಫೋನು ಮಾಡಿದನೇ? ಇಲ್ಲ.

ಗೇಟಿನಲ್ಲಿ ಮುದುಕ ಕುಳಿತಿದ್ದ. ಅವನಿಗೆ ಕನ್ನಡ ಬರುತ್ತಿತ್ತೇ? ಒಂದಕ್ಷರವೂ ಇಲ್ಲ. ಆದರೆ ಸಂಜೆ ಒಂದು ಮಾತು ಕೇಳಿದ್ದ, ಅದರ ಜೊತೆಯ ಮಾತು ಇನ್ನೂ ಕೇಳಿರಲಿಲ್ಲ. ಹನ್ನೆರಡಾಯಿತು. ಒಂದಾಯಿತು. ಮುದುಕ ಟಾರ್ಚು ಹಿಡಿದು ಎದ್ದ. ಓಣಿ ಓಣಿ ಹುಡುಕಿ, ಗೋಡೆಯ ಬುಡದಲ್ಲಿ ರಕ್ತ ಸುರಿಸುತ್ತ ಬಿದ್ದವನನ್ನು ಕಂಡು ಆಂಬುಲೆನ್ಸ್ ಕರೆಸಿದ. ಇನ್ನೊಂದು ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಮರುದಿನ ಕಣ್ಣು ಬಿಟ್ಟಾಗ ಮಂಚದ ಪಕ್ಕದಲ್ಲಿ ಮುದುಕ. ಒಡೆದ ತುಟಿಯಲ್ಲೇ ಇವನು ಅಂದ: “ಬಂದೆ ತಾತ.” ಮುದುಕ ತಲೆಯಾಡಿಸಿದ. ಆಮೇಲೆಯೇ ಟೋಪಿ ಹಾಕಿಕೊಂಡು ಕೆಲಸಕ್ಕೆ ಹೊರಟ.

ಈಗ ನಿಮ್ಮನ್ನು ಕೇಳುತ್ತೇನೆ. ನಿಮ್ಮ ಬೀದಿಯ ಬ್ಯೂಟಿ ಪಾರ್ಲರಿನಲ್ಲಿ ದುಡಿಯುವ ಮಣಿಪುರದ ಹುಡುಗಿ ರಾತ್ರಿ ಕೋಣೆ ಸೇರಿದಳೇ, ಗೊತ್ತೇ? ನಿಮ್ಮ ಮಹಡಿಯ ಮೇಲಿರುವ ಆಫ್ರಿಕಾದ ವಿದ್ಯಾರ್ಥಿ? ಅವನು ಮೆಟ್ಟಿಲಿಳಿಯುವಾಗ ನಾವು ಬಾಗಿಲು ಹಾಕಿಕೊಳ್ಳುತ್ತೇವೆ, ಅಲ್ಲವೇ? ಅವನಿಗೂ ಒಂದು ‘ಹ್ಞೂಂ’ ಬೇಕಾಗಿರುತ್ತದೆ ತಾಯಂದಿರೇ. ನಾಳೆಯಿಂದ ಆ ಬಾಗಿಲು ತೆರೆದಿಡಿ. ‘ಹುಷಾರಪ್ಪ, ಬೇಗ ಬಾ’ ಎನ್ನಿ. ಅವನಿಗೆ ಮಾತು ತಿಳಿಯದಿದ್ದರೂ ಎನ್ನಿ. ನಿಮ್ಮ ಮಕ್ಕಳಿಗೂ ಹೇಳಿ: ಜೊತೆಗೆ ಹೋದವರು ಜೊತೆಗೇ ಬರಲಿ, ಒಬ್ಬ ಕಾಣದಿದ್ದರೆ ‘ಹೋಗಿರ್ತಾನೆ ಬಿಡು’ ಎನ್ನದೆ ಹುಡುಕಲಿ. ರಾತ್ರಿ, ಮೆಟ್ಟಿಲ ಮೇಲೆ ಅವನು ಹತ್ತಿ ಬರುವ ಸದ್ದು ಕೇಳುವವರೆಗೆ ನಿಮ್ಮ ಜಗಲಿಯ ದೀಪ ಆರಿಸಬೇಡಿ.